ಎಂಎಸ್‌ಡಬ್ಲ್ಯೂ ಮುಗಿಸಿ ಮೇಡಂ ಆಗುವವರೆಗೆ: ನನ್ನ ಅನುಭವ

ವಾರಕ್ಕೆ ಒಂದಾದರೂ ಫೋನ್ ಬರುತ್ತದೆ. "ಮೇಡಂ, ಎಂಎಸ್‌ಡಬ್ಲ್ಯೂ ಮುಗೀತು, ಲೆಕ್ಚರರ್ ಆಗ್ಬೇಕು, ಎಲ್ಲಿಂದ ಶುರು ಮಾಡ್ಲಿ?" ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ನೆಟ್ (ಲೆಕ್ಚರರ್ ಆಗಲು ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಬರಿ, ಪಿಎಚ್‌.ಡಿ. ಮಾಡು ಅಂತ ಎರಡು ಮಾತಲ್ಲಿ ಮುಗಿಸಬಹುದು. ಆದರೆ ನನ್ನ ವಿಷಯದಲ್ಲಿ ಏನೂ ಆ ಕ್ರಮದಲ್ಲಿ ನಡೆಯಲಿಲ್ಲ. ಒಂದು ಸಲ ಕೂತು ಬರೆದುಬಿಟ್ಟರೆ ಕೇಳಿದವರಿಗೆಲ್ಲ ಇದನ್ನೇ ಕಳಿಸಬಹುದಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗುಬ್ಬಿ ಕಡೆಯವಳು. 2006ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೆ ಎಂಎಸ್‌ಡಬ್ಲ್ಯೂಗೆ ಸೇರಿದೆ. "ಸಮಾಜಸೇವೆ ಮಾಡೋಕೂ ಡಿಗ್ರಿ ಬೇಕಾ?" ಅಂತ ನಮ್ಮ ಸೋದರಮಾವ ಕೇಳಿದ್ದರು. ಈಗಲೂ ಕೇಳುತ್ತಾರೆ. ಡಿಗ್ರಿವರೆಗೆ ಕನ್ನಡ ಮೀಡಿಯಂನಲ್ಲೇ ಓದಿದವಳಿಗೆ ಮೊದಲ ಸೆಮಿಸ್ಟರ್ ಅಂದರೆ ಡಿಕ್ಷನರಿ ಜೊತೆ ಸಂಸಾರ. ಕನ್ನಡದಲ್ಲೇ ಸಮಾಜಕಾರ್ಯದ ಪುಸ್ತಕ ಬರೆದ ಎಚ್.ಎಂ. ಮರುಳಸಿದ್ಧಯ್ಯ ಮೇಷ್ಟ್ರು ಪಾಠ ಮಾಡಿದ ವಿಭಾಗ ಅದು. ನಾನು ಹೋಗುವ ಹೊತ್ತಿಗೆ ಅವರು ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು. ಆದರೆ ಅವರ ಪುಸ್ತಕ ಇಲ್ಲದಿದ್ದರೆ ಒಬ್ಬೊಬ್ಬರ ಕಷ್ಟವನ್ನು ಬಿಡಿಯಾಗಿ ನೋಡಿ ನೆರವಾಗುವ ಕೇಸ್‌ವರ್ಕ್ ಅಂದರೆ ಏನೆಂದು ನಾನು ತಿಳಿಯುವಷ್ಟರಲ್ಲಿ ವರ್ಷವೇ ಮುಗಿದಿರುತ್ತಿತ್ತು.

ನಮ್ಮ ಕೋರ್ಸಿನಲ್ಲಿ ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್. ನನ್ನನ್ನು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಗಾರ್ಮೆಂಟ್ಸ್ ಹೆಂಗಸರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಗೆ ಹಾಕಿದರು. ನಿಜ ಹೇಳಬೇಕೆಂದರೆ ನನಗೆ ಆಸ್ಪತ್ರೆ ಬೇಕಿತ್ತು. ಪೀಣ್ಯ ಅಂದಾಗ ಮುಖ ಊದಿಸಿಕೊಂಡೇ ಹೋದೆ.

ಅಲ್ಲಿ ಒಂದು ದಿನ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಆಮೇಲಿನ ಹದಿನೈದು ವರ್ಷ ನಾನು ಮಾಡಿದ್ದೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಆಗ ಜಾರಿಯಲ್ಲಿದ್ದ ಫ್ಯಾಕ್ಟರಿ ಕಾಯ್ದೆ, 1948ರ 48ನೇ ಸೆಕ್ಷನ್ ಪ್ರಕಾರ 30ಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕಿತ್ತು. ಎಲ್ಲರೂ ಕ್ರಷ್ ಅಂತಲೇ ಕರೆಯುವುದು. ಆ ಫ್ಯಾಕ್ಟರಿಯಲ್ಲಿ ಕ್ರಷ್ ಇತ್ತು. ಗೋಡೆ ಮೇಲೆ ಮಿಕ್ಕಿ ಮೌಸ್, ಮೂರು ತೊಟ್ಟಿಲು, ಒಂದು ಪ್ಲಾಸ್ಟಿಕ್ ಜಾರುಬಂಡೆ, ಒಬ್ಬ ಆಯಾ. ರಿಜಿಸ್ಟರಿನಲ್ಲಿ ಹದಿನಾಲ್ಕು ಹೆಸರು, ರೂಮಿನಲ್ಲಿ ಎರಡು ಮಕ್ಕಳು. ಎಚ್‌ಆರ್ ಸಾಹೇಬರು "ನಾವು ಕೊಟ್ಟಿದ್ದೀವಿ ಮೇಡಂ, ಇವರೇ ತರಲ್ಲ, ಇವರಿಗೆ ಬೇಕಾಗಿಲ್ಲ" ಅಂದರು. ನಾನೂ ಡೈರಿಯಲ್ಲಿ ಹಾಗೇ ಬರೆದುಕೊಂಡೆ. ತಾಯಂದಿರಲ್ಲಿ ಅರಿವಿನ ಕೊರತೆ ಇದೆ, ಜಾಗೃತಿ ಕಾರ್ಯಕ್ರಮ ಮಾಡಬೇಕು, ಇತ್ಯಾದಿ. ನಮ್ಮ ಫೀಲ್ಡ್ ಸೂಪರ್‌ವೈಸರ್ ಅದನ್ನು ಓದಿ ಒಂದೇ ಮಾತು ಕೇಳಿದರು. "ಒಬ್ಬ ತಾಯಿನಾದ್ರೂ ಕೇಳಿದ್ಯೇನಮ್ಮ?"

ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ಹೆಗ್ಗನಹಳ್ಳಿ ಕ್ರಾಸ್‌ನಲ್ಲಿ ನಿಂತೆ. ಬಸ್ಸು ಬಂತು, ಒಳಗೆ ಕಾಲಿಡಲು ಜಾಗ ಇಲ್ಲ, ಫುಟ್‌ಬೋರ್ಡ್ ಮೇಲೆ ನಾಲ್ಕು ಜನ, ಎಲ್ಲರ ಕೈಯಲ್ಲೂ ಊಟದ ಬುತ್ತಿ. ಆ ಬಸ್ಸಿಗೆ ಒಂದೂವರೆ ವರ್ಷದ ಮಗು ಎತ್ತಿಕೊಂಡು ಯಾರು ಹತ್ತುತ್ತಾರೆ? ಹತ್ತು ನಿಮಿಷ ಲೇಟಾದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ, ಕೆಲವು ಕಡೆ ಅರ್ಧ ದಿನದ ಸಂಬಳ ಹೋಗುತ್ತದೆ. ಮಗು ಕ್ರಷ್‌ನಲ್ಲಿ ಅತ್ತರೆ ತಾಯಿಯನ್ನು ಹೊಲಿಗೆ ಲೈನಿನಿಂದ ಕರೆಸುತ್ತಾರೆ. ಅವಳು ಎದ್ದುಹೋದರೆ ಆ ಗಂಟೆಯ ಟಾರ್ಗೆಟ್ ಕೆಡುತ್ತದೆ, ಬೈಗುಳ ಇಡೀ ಲೈನಿಗೆ. ಆದ್ದರಿಂದ ಹೆಚ್ಚಿನವರು ಮಗುವನ್ನು ಊರಲ್ಲಿ ಅಜ್ಜಿ ಹತ್ತಿರ ಬಿಟ್ಟಿದ್ದರು. ಕುಣಿಗಲ್ಲು, ನಾಗಮಂಗಲ, ಮಾಗಡಿ ಕಡೆಯ ಅಜ್ಜಿಯರು. ಆ ಹದಿನಾಲ್ಕು ಹೆಸರಿನ ಹಿಂದೆ ಇದ್ದದ್ದು ಇದು. ಅರಿವಿನ ಕೊರತೆ ಇದ್ದದ್ದು ನನಗೆ.

ಎಂಎಸ್‌ಡಬ್ಲ್ಯೂ ಆದ ಮೇಲೆ ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಎಚ್‌ಆರ್‌ಗೆ ಹೋದರು. ತಪ್ಪೇನಿಲ್ಲ, ಸಂಬಳ ಬೇಕಲ್ಲ. ನಾನು ಅದೇ ಸಂಸ್ಥೆಯಲ್ಲಿ ಐದು ವರ್ಷ ಇದ್ದೆ. ಪಿಎಫ್ ಫಾರಂ ತುಂಬಿಸುವುದು, ಇಎಸ್‌ಐ ಆಸ್ಪತ್ರೆಗೆ ಜೊತೆಗೆ ಹೋಗುವುದು, ಭಾನುವಾರ ಗುಂಪು ಸಭೆ, ಗಂಡ ಹೊಡೆದ ರಾತ್ರಿ ಪೊಲೀಸ್ ಸ್ಟೇಷನ್. ನೋಟ್‌ಬುಕ್ಕಿನಲ್ಲಿ ದಿನಾ ಎರಡು ಪುಟ ಬರೆಯುತ್ತಿದ್ದೆ, ಅಭ್ಯಾಸಬಲ ಅಷ್ಟೇ. ಆಮೇಲೆ ಇದು ಉಪಯೋಗಕ್ಕೆ ಬರುತ್ತದೆ ಅಂತ ಯಾವ ಯೋಚನೆಯೂ ಇರಲಿಲ್ಲ. ಹನ್ನೊಂದು ನೋಟ್‌ಬುಕ್ ಆದವು.

2013ರಲ್ಲಿ ಪ್ರಾಜೆಕ್ಟಿನ ಹಣ ನಿಂತಿತು. ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿ ಸೇರಿದೆ. ಗಂಟೆ ಲೆಕ್ಕದ ಸಂಬಳ. ಜುಲೈನಲ್ಲಿ ಮಾಡಿದ ಪಾಠಕ್ಕೆ ದೀಪಾವಳಿ ಕಳೆದ ಮೇಲೆ ದುಡ್ಡು ಬಂತು. ರಜೆ ತಿಂಗಳಿಗೆ ಏನೂ ಇಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಲೆಕ್ಚರರ್ ಆಗಬೇಕು ಅನ್ನುವವರು ಈ ಎರಡು ಮೂರು ವರ್ಷವನ್ನು ಲೆಕ್ಕಕ್ಕೆ ಹಿಡಿದಿರುವುದೇ ಇಲ್ಲ. ಮನೆಯಲ್ಲಿ ಇನ್ನೊಂದು ಸಂಬಳ ಇದ್ದದ್ದರಿಂದ ನಾನು ಉಳಿದುಕೊಂಡೆ. ಇಲ್ಲದವರು ಅರ್ಧಕ್ಕೇ ಬಿಟ್ಟು ಹೋದರು. ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದವರೇ ಇಬ್ಬರಿದ್ದರು.

ನೆಟ್ ವಿಷಯ ಚುಟುಕಾಗಿ. ಸೋಷಿಯಲ್ ವರ್ಕ್ ವಿಷಯದ ಕೋಡ್ 10. ನಾನು 2015ರಲ್ಲಿ ಪಾಸಾದಾಗ ಮೂರು ಪೇಪರ್ ಇತ್ತು, 2018ರಿಂದ ಎರಡೇ. ಮೊದಲ ಪೇಪರ್ 50 ಪ್ರಶ್ನೆ, ಎರಡನೆಯದು 100, ಒಟ್ಟು 300 ಅಂಕ, ಮೂರು ಗಂಟೆ. ನಮ್ಮವರು ಎಡವುವುದು ಎರಡನೇ ಪೇಪರಿನಲ್ಲಿ ಅಲ್ಲ, ಮೊದಲನೆಯದರಲ್ಲಿ. ಲಾಜಿಕ್, ದತ್ತಾಂಶದ ಕೋಷ್ಟಕ ಇವನ್ನೆಲ್ಲ ಕೊನೇ ವಾರಕ್ಕೆ ಬಿಡಬೇಡಿ. ನನಗೂ ಮೊದಲ ಎರಡು ಸಲ ಕೈಕೊಟ್ಟದ್ದು ಅದೇ. ಜೊತೆಗೆ ಕೆ-ಸೆಟ್ (ರಾಜ್ಯಮಟ್ಟದ ಅಂಥದ್ದೇ ಪರೀಕ್ಷೆ) ಕೂಡ ಬರೆಯಿರಿ. 2023ರ ಜುಲೈನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮತ್ತೆ ನಿಯಮ ಬದಲಿಸಿದ ಮೇಲೆ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ನೆಟ್ ಅಥವಾ ಸೆಟ್ ಸಾಕು, ಪಿಎಚ್‌.ಡಿ. ಕಡ್ಡಾಯ ಅಲ್ಲ. ಯುಜಿಸಿ ವೇತನ ಶ್ರೇಣಿಯಲ್ಲಿ ಶುರುವಿನ ಮೂಲ ವೇತನ 57,700 ರೂಪಾಯಿ. ಖಾಸಗಿ ಕಾಲೇಜಿನಲ್ಲಿ ಅದನ್ನು ನಿರೀಕ್ಷೆ ಮಾಡಬೇಡಿ, ಕೇಳಿ ತಿಳಿದುಕೊಂಡೇ ಸೇರಿ.

ಆಸ್ಪತ್ರೆ, ಮಾನಸಿಕ ಆರೋಗ್ಯದ ಕಡೆ ಒಲವಿದ್ದವರ ದಾರಿ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಅನ್ನಿಸಿಕೊಳ್ಳಲು ಸ್ನಾತಕೋತ್ತರ ಪದವಿ ಜೊತೆ ಎರಡು ವರ್ಷದ ಎಂ.ಫಿಲ್. ಬೇಕು. ನಮ್ಮ ಬೆಂಗಳೂರಲ್ಲೇ ನಿಮ್ಹಾನ್ಸ್ ಇದೆ, ಅದಕ್ಕಿಂತ ಅದೃಷ್ಟ ಬೇಕಾ? ಉಳಿದ ಎಂ.ಫಿಲ್.ಗಳನ್ನು ಯುಜಿಸಿ ನಿಲ್ಲಿಸಿದಾಗ ಇದಕ್ಕೆ 2025-26ರವರೆಗೆ ವಿನಾಯಿತಿ ಕೊಟ್ಟಿತ್ತು. ಅರ್ಜಿ ಹಾಕುವ ಮುಂಚೆ ಈಗಿನ ನಿಯಮ ನೋಡಿಕೊಳ್ಳಿ.

ಇನ್ನು ಪಿಎಚ್‌.ಡಿ. ನನ್ನ ಮೊದಲ ಪ್ರಪೋಸಲ್ "ಕರ್ನಾಟಕದಲ್ಲಿ ಮಹಿಳಾ ಸಬಲೀಕರಣ" ಅಂತ ಇತ್ತು. ನಗಬೇಡಿ, ನಿಮ್ಮದೂ ಹಾಗೇ ಇರುತ್ತದೆ. ಗೈಡ್ ಅದನ್ನು ಪಕ್ಕಕ್ಕಿಟ್ಟು, "ನಿಮಗೆ ಮಾತ್ರ ಗೊತ್ತಿರೋದು ಏನಾದ್ರೂ ಇದ್ಯಾ?" ಅಂದರು. ಮನೆಗೆ ಬಂದು ಅಟ್ಟದ ಮೇಲಿಂದ ಆ ಹನ್ನೊಂದು ನೋಟ್‌ಬುಕ್ ಇಳಿಸಿದೆ. ಕ್ರಷ್ ಖಾಲಿ ಯಾಕಿದೆ ಅನ್ನುವುದೇ ನನ್ನ ವಿಷಯ ಆಯಿತು. ಅದು 2016. ಆ ಏಪ್ರಿಲ್‌ನಲ್ಲೇ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಿದ್ದಕ್ಕೆ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಹೊಸೂರು ರಸ್ತೆಗೆ ಇಳಿದದ್ದು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡದ್ದು. ಆಮೇಲೆ ಫ್ಯಾಕ್ಟರಿಗಳವರಿಗೆ ನಮ್ಮಂಥವರನ್ನು ಕಂಡರೇ ಭಯ. ಹದಿನಾರು ಕಡೆ ಪತ್ರ ಕೊಟ್ಟೆ, ಎರಡು ಕಡೆ ಮಾತ್ರ ಒಳಗೆ ಬಿಟ್ಟರು. ಅಲ್ಲೂ ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿರುತ್ತಿದ್ದ, ಎಲ್ಲರೂ "ಎಲ್ಲಾ ಚೆನ್ನಾಗಿದೆ ಮೇಡಂ" ಅನ್ನುತ್ತಿದ್ದರು.

ಹಾಗಾಗಿ ಮನೆಗಳಿಗೇ ಹೋದೆ. ಲಗ್ಗೆರೆ, ಶ್ರೀಗಂಧದ ಕಾವಲು, ಹೆಗ್ಗನಹಳ್ಳಿಯ ವಠಾರಗಳು. ಅವರಿಗೆ ಇರುವುದು ಭಾನುವಾರ ಒಂದೇ, ಆ ದಿನ ನೀರು ಹಿಡಿಯಬೇಕು, ವಾರದ ಬಟ್ಟೆ ಒಗೆಯಬೇಕು, ರೇಷನ್ ತರಬೇಕು. ಟೇಪ್ ರೆಕಾರ್ಡರ್ ಹಿಡಿದು ಎದುರಿಗೆ ಕೂತರೆ ಯಾರೂ ಮಾತಾಡಲಿಲ್ಲ. ಒಗೆದ ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡುತ್ತಾ ಕೇಳಿದರೆ ಮಾತಾಡಿದರು. ಇದನ್ನು ಯಾವ ಮೆಥಡಾಲಜಿ ಪೇಪರಿನಲ್ಲೂ ನಾನು ಓದಿರಲಿಲ್ಲ. ವೈವಾದಲ್ಲಿ ಹೇಳಿದಾಗ ಹೊರಗಿನಿಂದ ಬಂದಿದ್ದ ಪರೀಕ್ಷಕರು ಪೆನ್ನು ಕೆಳಗಿಟ್ಟು ಕೇಳಿದರು. 2020ರ ಲಾಕ್‌ಡೌನ್‌ನಲ್ಲಿ ಅರ್ಧ ಜನ ಊರಿಗೆ ಹೋಗಿಬಿಟ್ಟರು, ಉಳಿದದ್ದನ್ನು ಫೋನಿನಲ್ಲೇ ಮುಗಿಸಿದೆ. ಅದು ಸರಿಯಾಗಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ನಾನು ಮಾಡಿದ ಒಂದು ದಡ್ಡತನವನ್ನೂ ಹೇಳಬೇಕು. ಆಗಿನ ನಿಯಮದಲ್ಲಿ ಥೀಸಿಸ್ ಕೊಡುವ ಮುಂಚೆ ಒಂದು ಪೇಪರ್ ಪ್ರಕಟ ಆಗಿರಬೇಕಿತ್ತು. 2017ರಲ್ಲಿ ಒಂದು ಮೇಲ್ ಬಂತು, ಮೂರೇ ದಿನದಲ್ಲಿ ಪ್ರಕಟಣೆ, 1,800 ರೂಪಾಯಿ. ಯುಜಿಸಿ ಪಟ್ಟಿಯಲ್ಲೂ ಇತ್ತು. ದುಡ್ಡು ಕಟ್ಟಿದೆ, ಒಂದು ಅಕ್ಷರವನ್ನೂ ತಿದ್ದದೆ ಹಾಕಿದರು, ನನ್ನ ಹೆಸರಿನ ಸ್ಪೆಲಿಂಗ್ ಮಾತ್ರ ಅವರೇ ತಪ್ಪು ಮಾಡಿದರು. 2018ರ ಮೇನಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು, ನನ್ನದೂ ಅದರಲ್ಲಿ ಹೋಯಿತು. ಮತ್ತೆ ಬರೆದು ಸರಿಯಾದ ಕಡೆ ಕಳಿಸಿ, ತಿದ್ದುಪಡಿ ಮೇಲೆ ತಿದ್ದುಪಡಿ ಮಾಡಿ ಪ್ರಕಟ ಆಗುವಷ್ಟರಲ್ಲಿ ಹದಿನಾಲ್ಕು ತಿಂಗಳು. ಆ ತಿದ್ದುಪಡಿಗಳಲ್ಲೇ ನಾನು ಬರೆಯುವುದನ್ನು ಕಲಿತದ್ದು. 2022ರ ನಿಯಮದಲ್ಲಿ ಈ ಪೇಪರ್ ಕಡ್ಡಾಯ ಹೋಗಿದೆ, ಆದರೆ ಕೆಲಸದ ಇಂಟರ್‌ವ್ಯೂನಲ್ಲಿ ಕೇಳುವುದು ನಿಂತಿಲ್ಲ.

ಥೀಸಿಸ್ ಮುಗಿಯುವ ಹೊತ್ತಿಗೆ ಒಂದು ಕಾಲೇಜಿನಲ್ಲಿ ಪೂರ್ಣಾವಧಿ ಕೆಲಸ ಸಿಕ್ಕಿತ್ತು. ಈಗಲೂ ಅಲ್ಲೇ ಇದ್ದೇನೆ. ಪಾಠದಲ್ಲಿ ನನಗೆ ಅತಿ ಇಷ್ಟ ಐಸಿ, ಅಂದರೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅವರ ಫೀಲ್ಡ್‌ವರ್ಕ್ ರಿಪೋರ್ಟ್ ಓದುವುದು. ಹೋದ ವರ್ಷ ಒಬ್ಬ ಹುಡುಗಿ ಬರೆದಿದ್ದಳು: "ಕ್ಲೈಂಟ್ ಅತ್ತರು. ನಾನು ಸಮಾಧಾನ ಮಾಡಿದೆ."

"ಹೇಗೆ ಸಮಾಧಾನ ಮಾಡ್ದೆ?"

ಸುಮ್ಮನಿದ್ದಳು. ಆಮೇಲೆ, "ನಾನೂ ಅತ್ತುಬಿಟ್ಟೆ ಮೇಡಂ."

"ಆಮೇಲೆ?"

"ಆಮೇಲೆ ಅವ್ರೇ ನಂಗೆ ಟೀ ಮಾಡ್ಕೊಟ್ರು."

"ಸರಿ, ಟೀ ಕುಡೀತಾ ಯಾರ ವಿಷಯ ಮಾತಾಡಿದ್ರಿ?"

"ನಂದೇ ಮೇಡಂ. ನಮ್ಮಮ್ಮನ ಆಪರೇಷನ್ ವಿಷಯ."

ಇಬ್ಬರೂ ನಕ್ಕೆವು. ಸಮಾಜಕಾರ್ಯದ ವಿದ್ವಾಂಸ ಬೀಸ್ಟೆಕ್ ಹೇಳಿದ ಏಳು ತತ್ವಗಳಲ್ಲಿ ಒಂದಕ್ಕೆ ನಮ್ಮ ನೋಟ್ಸಿನಲ್ಲಿ "ನಿಯಂತ್ರಿತ ಭಾವನಾತ್ಮಕ ಒಳಗೊಳ್ಳುವಿಕೆ" ಅಂತ ಇದೆ, ಅಂದರೆ ಎದುರಿನವರ ನೋವಿಗೆ ಸ್ಪಂದಿಸುತ್ತಲೇ ನಮ್ಮ ಭಾವನೆ ಹಿಡಿತದಲ್ಲಿಡುವುದು. ಅದನ್ನು ಐದು ಸಲ ಹೇಳುವಷ್ಟರಲ್ಲಿ ನಾಲಗೆ ಸಿಕ್ಕಿಹಾಕಿಕೊಳ್ಳುತ್ತದೆ. ಈಗ ನಮ್ಮ ಕ್ಲಾಸಿನಲ್ಲಿ ಅದನ್ನು "ಟೀ ಯಾರು ಮಾಡಿದ್ರು?" ಅಂತ ಕೇಳುತ್ತೇವೆ, ಎಲ್ಲರಿಗೂ ಅರ್ಥ ಆಗುತ್ತದೆ. ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ರಿಪೋರ್ಟಿನಲ್ಲಿ ಟೀ ವಿಷಯವನ್ನೂ ಬರಿ.

ನಾನು ಈಗಲೂ ವಾರಕ್ಕೆ ಒಂದು ದಿನ ವಿದ್ಯಾರ್ಥಿಗಳ ಜೊತೆ ಪೀಣ್ಯಕ್ಕೆ ಹೋಗುತ್ತೇನೆ. 2023ರ ಜೂನ್‌ನಿಂದ ಹುಡುಗಿಯರಿಗೆ ಬಸ್ ಚಾರ್ಜ್ ಇಲ್ಲದ್ದರಿಂದ ದೂರದ ಫೀಲ್ಡ್ ಕೊಟ್ಟರೂ ಮೊದಲಿನಷ್ಟು ಗೊಣಗುವುದಿಲ್ಲ. ಸಹೋದ್ಯೋಗಿಗಳು "ಫೋನಲ್ಲೇ ವಿಚಾರಿಸಬಹುದಲ್ಲ" ಅನ್ನುತ್ತಾರೆ. ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡುವ ಸಂಸ್ಥೆ) ಫೈಲು, ಹಾಜರಾತಿ, ಪರೀಕ್ಷೆ ಡ್ಯೂಟಿ ನಡುವೆ ಆ ಒಂದು ದಿನಕ್ಕಾಗಿ ಪ್ರತಿ ಸೆಮಿಸ್ಟರಿನಲ್ಲೂ ಟೈಮ್‌ಟೇಬಲ್ ಹಾಕುವವರ ಜೊತೆ ಜಗಳ ಆಡುತ್ತೇನೆ. ಅದೊಂದು ವಿಷಯಕ್ಕೆ ಮಾತ್ರ ನಾನು ಜಗಳಗಂಟಿ.

ಪಿಎಚ್‌.ಡಿ. ಬಂದ ಮೇಲೆ, 2021ರಲ್ಲಿ, ಬೈಂಡ್ ಮಾಡಿದ ಥೀಸಿಸ್ ಹಿಡಿದು ಲಗ್ಗೆರೆಯ ಒಬ್ಬ ಅಕ್ಕನ ಮನೆಗೆ ಹೋದೆ. ಅತಿ ಜಾಸ್ತಿ ಹೊತ್ತು ಮಾತಾಡಿದವರು ಅವರೇ. ಚಿನ್ನದಕ್ಷರದ ರಟ್ಟು ಸವರಿ ನೋಡಿದರು. "ಇದ್ರಲ್ಲಿ ನನ್ ಹೆಸ್ರೆಲ್ಲಿದೆ ತೋರ್ಸಿ" ಅಂದರು. ಹೆಸರು ಹಾಕುವ ಹಾಗಿಲ್ಲ ಅಕ್ಕ, ನಿಮಗೆ ತೊಂದರೆ ಆಗಬಾರದಲ್ಲ, ನೀವು 17ನೇ ನಂಬರ್ ಅಂತ ವಿವರಿಸಿದೆ. ಅವರು ಪುಟ ಮುಚ್ಚಿದರು.

"ಫ್ಯಾಕ್ಟ್ರೀಲೂ ಟೋಕನ್ ನಂಬರ್ರು, ಇಲ್ಲೂ ನಂಬರ್ರೇನಾ ಮೇಡಂ?"

ನನ್ನ ಹತ್ತಿರ ಉತ್ತರ ಇರಲಿಲ್ಲ, ಕಾಫಿ ಕುಡಿದು ಬಂದೆ. ಈಗ ನನ್ನ ಜೊತೆ ಸಂಶೋಧನೆ ಮಾಡುವ ವಿದ್ಯಾರ್ಥಿಗಳ ಒಪ್ಪಿಗೆ ಪತ್ರದಲ್ಲಿ ಸಹಿಗಿಂತ ಮೊದಲು ಒಂದು ಸಾಲು ಜಾಸ್ತಿ ಇದೆ: ನಿಮ್ಮ ಮಾತನ್ನು ಬರೆಯುವಾಗ ನಿಮ್ಮನ್ನು ಯಾವ ಹೆಸರಿನಿಂದ ಕರೆಯಬೇಕು? ಮೊದಲ ಸಲ ಅದನ್ನು ತುಂಬಿಸಿದ ಹೆಂಗಸು ಸ್ವಲ್ಪ ಹೊತ್ತು ಯೋಚಿಸಿ, ಊರಲ್ಲಿ ಅಜ್ಜಿ ಹತ್ತಿರ ಬೆಳೆಯುತ್ತಿದ್ದ ಮಗಳ ಹೆಸರು ಬರೆಸಿದಳು.