ಡಬ್ಬಿ ಹುಡುಕಲು ಹೋದವನು ಆಂಬುಲೆನ್ಸ್‌ಗೆ ದಾರಿ ಹೇಳಿದ್ದು

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ನಾನಿಟ್ಟಿದ್ದ ಡಬ್ಬಿಯ ಸುತ್ತ ಪೊಲೀಸರು ನಿಂತಿದ್ದರು. ಸಂಜೆ ತಿರುಗಾಡಲು ಬಂದವರನ್ನೆಲ್ಲ ದೂರ ಸರಿಸಿ, 112ರ ವಾಹನವನ್ನು ದಾರಿಗೆ ಅಡ್ಡ ನಿಲ್ಲಿಸಿದ್ದರು. ಕಲ್ಲು ಬೆಂಚಿನ ಕೆಳಗೆ ಕಪ್ಪು ಟೇಪು ಸುತ್ತಿದ ಸ್ಟೀಲಿನ ಊಟದ ಡಬ್ಬಿ. ಕಂಡವರು ಫೋನ್ ಮಾಡದೆ ಇನ್ನೇನು ಮಾಡುತ್ತಾರೆ?

ನಾನು ಆಡುವುದು ಜಿಯೋಕ್ಯಾಚಿಂಗ್. ಒಬ್ಬರು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲಿಯೇ ಇಟ್ಟು ಬರುತ್ತಾರೆ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿತು. ಮರುದಿನವೇ ಆರಿಗನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬುವವರು ಮೊದಲ ಡಬ್ಬಿ ಇಟ್ಟರು.

ಆ ಸಂಜೆ ನಾನು ಮುಂದೆ ಹೋಗಿ, ‘ಸರ್, ಅದು ನನ್ನದು’ ಎಂದೆ. ಡಬ್ಬಿಯನ್ನು ಮುಟ್ಟಲು ಅವರು ಬಿಡಲಿಲ್ಲ. ಒಳಗೆ ಏನಿದೆ, ಯಾವಾಗ ಇಟ್ಟೆ, ಯಾರ ಅಪ್ಪಣೆ ಪಡೆದೆ ಎಂದು ಒಂದೊಂದಾಗಿ ಕೇಳಿದರು. ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಚ್ಚಳ ತೆರೆದಾಗ ಒಳಗಿದ್ದುದು ಪುಸ್ತಕ, ಪೆನ್ಸಿಲ್ ಮತ್ತು ನಾಲ್ಕು ಗಾಜಿನ ಗೋಲಿ. ಹಿರಿಯ ಪೇದೆ ಗದರಲಿಲ್ಲ. ‘ತಮ್ಮಾ, ಒಳಗಿರುವುದು ಹೊರಗೆ ಕಾಣಿಸುತ್ತಿದ್ದರೆ ನಾವು ಬರುವ ಕೆಲಸವೇ ಇರುತ್ತಿರಲಿಲ್ಲ’ ಎಂದರು. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಇಂತಹದೇ ಒಂದು ಆಟದ ಡಬ್ಬಿಯನ್ನು ಸೇನೆಯ ಬಾಂಬ್ ನಿಷ್ಕ್ರಿಯ ದಳ ಸ್ಫೋಟಿಸಿ ನಾಶ ಮಾಡಿತ್ತು. ಆ ಸುದ್ದಿಯನ್ನು ಓದಿದ್ದೂ ನಾನು ಕಪ್ಪು ಟೇಪು ಸುತ್ತಿದ್ದೆ. ತಪ್ಪು ಪೂರ್ತಿ ನನ್ನದೇ.

ಅಂದಿನಿಂದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನಷ್ಟೇ ಇಡುತ್ತೇನೆ. ಮೇಲೆ ಕನ್ನಡದಲ್ಲಿ ‘ಇದು ಆಟದ ಡಬ್ಬಿ, ಅಪಾಯವಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು ನನ್ನ ಫೋನ್ ನಂಬರ್ ಹಾಕುತ್ತೇನೆ. ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಇಡುವುದಿಲ್ಲ. ಬಸ್ ನಿಲ್ದಾಣ, ಶಾಲೆ, ಸೇತುವೆಗಳ ಹತ್ತಿರವಂತೂ ಸುಳಿಯುವುದಿಲ್ಲ.

ತುರ್ತು ಸೇವೆಯವರೊಂದಿಗೆ ನನ್ನ ಎರಡನೆಯ ಭೇಟಿ ನಡೆದದ್ದು ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದಲ್ಲಿ. ಗುಡ್ಡ ವನ್ಯಜೀವಿಧಾಮ, ಅದರೊಳಗೆ ಡಬ್ಬಿ ಇಡುವ ಯೋಚನೆಯನ್ನೇ ಮಾಡಬಾರದು. ಹೊರಗೆ, ಪರಿಚಯದ ರೈತರೊಬ್ಬರ ಹೊಲದ ಬದುವಿನಲ್ಲಿ ಬೇವಿನ ಮರದಡಿ ಇಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ಪುಸ್ತಕ ಒದ್ದೆಯಾಗಿದೆಯೇ ನೋಡಲು ಹೋದಾಗ ಆಚೆ ಬದಿಯ ಕಲ್ಲುಗಳ ನಡುವಿನಿಂದ ಕೂಗು ಕೇಳಿಸಿತು. ಕುರಿ ಕಾಯುವ ಅಜ್ಜ ಜಾರಿ ಬಿದ್ದಿದ್ದರು. ಮೊಣಕಾಲಿನ ಕೆಳಗೆ ಕಾಲು ಸೊಟ್ಟಗಾಗಿತ್ತು. ಮೊಮ್ಮಗ ಅವರ ಕೈ ಹಿಡಿದು ಅಳುತ್ತಿದ್ದ.

108ಕ್ಕೆ ಫೋನ್ ಮಾಡಿದೆ. ಎಲ್ಲಿ ಎಂದು ಕೇಳಿದರು. ಗಾಳಿಯಂತ್ರದ ಹತ್ತಿರ ಎಂದರೆ ಯಾವುದರ ಹತ್ತಿರ? ಗುಡ್ಡದ ಉದ್ದಕ್ಕೂ ಅವೇ ನಿಂತಿವೆ. ನನ್ನ ಬಳಿ ಕರಾರುವಾಕ್ಕಾದ ಅಂಕಿಗಳಿವೆ ಎಂಬ ಧೈರ್ಯದಲ್ಲಿ ಓದಿ ಹೇಳಿದೆ: ಹದಿನೈದು, ಹದಿನಾರು ಪಾಯಿಂಟ್ ಎರಡು, ಎಪ್ಪತ್ತೈದು, ನಲವತ್ತು.

ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಪೈಲಟ್, ಅಂದರೆ ಚಾಲಕ, ಫೋನ್ ಮಾಡಿ, ‘ಅಣ್ಣಾ, ನೀವು ಹೇಳುವುದು ಕಪ್ಪತಗುಡ್ಡ, ಮ್ಯಾಪ್ ತೋರಿಸುವುದು ಲಕ್ಷ್ಮೇಶ್ವರದ ಕಡೆ. ಯಾವುದು ನಿಜ?’ ಎಂದು ಕೇಳಿದರು. ನನ್ನ ಎದೆ ಧಸಕ್ಕೆಂದಿತು.

ನಮ್ಮ ಆಟದಲ್ಲಿ ಸ್ಥಳವನ್ನು ಡಿಗ್ರಿ ಮತ್ತು ನಿಮಿಷಗಳಲ್ಲಿ ಬರೆಯುತ್ತೇವೆ, ದಶಮಾಂಶ ಬರುವುದು ನಿಮಿಷಕ್ಕೆ. ಮೊಬೈಲ್ ಮ್ಯಾಪ್‌ಗಳು ಸಾಮಾನ್ಯವಾಗಿ ತೋರಿಸುವುದು ಡಿಗ್ರಿಯ ದಶಮಾಂಶವನ್ನು. ಡಿಗ್ರಿಗೆ 60 ನಿಮಿಷ. ಆದ್ದರಿಂದ 15 ಡಿಗ್ರಿ 16.2 ನಿಮಿಷ ಎಂದರೆ 15.27, 75 ಡಿಗ್ರಿ 40 ನಿಮಿಷ ಎಂದರೆ 75.667. ಅವರು ಕೇಳಿಸಿಕೊಂಡಂತೆ ಒತ್ತಿದ್ದು 15.162 ಮತ್ತು 75.40. ದಕ್ಷಿಣಕ್ಕೆ 12 ಕಿಲೊಮೀಟರ್, ಪಶ್ಚಿಮಕ್ಕೆ 29 ಕಿಲೊಮೀಟರ್ ದೂರದ ಜಾಗ ಅದು. ಅವರಿಗೆ ಆ ಸೀಮೆ ಗೊತ್ತಿದ್ದುದರಿಂದ ತಿರುಗಿ ಕೇಳಿದರು. ಗೊತ್ತಿಲ್ಲದವರಾಗಿದ್ದರೆ ಅಜ್ಜ ಬಿಸಿಲಿನಲ್ಲಿ ಮಲಗಿಯೇ ಇರುತ್ತಿದ್ದರು.

ಮ್ಯಾಪ್ ತೆರೆದು, ನಾನು ನಿಂತ ಜಾಗದ ಮೇಲೆ ಬೆರಳೊತ್ತಿ ಹಿಡಿದು, ಬಂದ ಅಂಕಿಗಳನ್ನು ಅವರಿಗೆ ಸಂದೇಶವಾಗಿ ಕಳುಹಿಸಿದೆ. ಬಾಯಿಂದ ಹೇಳಲಿಲ್ಲ. ಮೊಮ್ಮಗನ ಕೈಗೆ ನನ್ನ ಕೆಂಪು ಟವೆಲ್ ಕೊಟ್ಟು ಡಾಂಬರು ರಸ್ತೆಗೆ ಓಡಿಸಿದೆ. ಕೊನೆಯ ಅರ್ಧ ಕಿಲೊಮೀಟರ್‌ಗೆ ಆ ಟವೆಲ್ಲೇ ದಾರಿ ತೋರಿಸಿತು. ಮ್ಯಾಪ್‌ನಲ್ಲಿ ಹೊಲದ ಬಂಡಿದಾರಿ ಇರಲೇ ಇಲ್ಲ.

ಬಂದ ಇಬ್ಬರ ಕೆಲಸವನ್ನು ನೋಡುತ್ತ ನಿಂತೆ. ಆರೈಕೆ ಮಾಡುವ ಹೆಣ್ಣುಮಗಳು ಅಜ್ಜನ ಪಕ್ಕ ಕುಳಿತು ಮೊದಲು ಹೆಸರು ಕೇಳಿದರು, ಆಮೇಲೆ ಕಾಲ್ಬೆರಳು ಮುಟ್ಟಿ ಸ್ಪರ್ಶ ತಿಳಿಯುತ್ತಿದೆಯೇ ಎಂದು ಕೇಳಿದರು. ಕಾಲನ್ನು ನೆಟ್ಟಗೆ ಎಳೆಯದೆ ಇದ್ದ ಹಾಗೆಯೇ ಪಟ್ಟಿ ಕಟ್ಟಿದರು. ‘ಇವರನ್ನು ಎತ್ತಿ ಕೂರಿಸಿದ್ದೀರಾ?’ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ‘ಒಳ್ಳೆಯದಾಯಿತು’ ಎಂದಷ್ಟೇ ಹೇಳಿ ಸ್ಟ್ರೆಚರ್ ಹಿಡಿಯಲು ಕರೆದರು. ಕಲ್ಲುದಾರಿಯಲ್ಲಿ ನಾಲ್ವರು ಹೊತ್ತೆವು, ಹೊಲದ ಯಜಮಾನರೂ ಓಡಿ ಬಂದಿದ್ದರು. ಅಜ್ಜ ನೋವಿನಲ್ಲೂ ಕುರಿಗಳ ಲೆಕ್ಕ ಕೇಳುತ್ತಲೇ ಇದ್ದರು.

ಈಗ ನನ್ನ ಪ್ರತಿ ಡಬ್ಬಿಯ ಮುಚ್ಚಳದ ಒಳಗೆ ಲ್ಯಾಮಿನೇಟ್ ಮಾಡಿದ ಚೀಟಿ ಇದೆ. ಸ್ಥಳದ ಅಂಕಿಗಳು ಎರಡೂ ಬಗೆಯಲ್ಲಿ, ಹತ್ತಿರದ ಊರು, ವಾಹನ ಬರಬಹುದಾದ ದಾರಿ, ಕೆಳಗೆ 108 ಮತ್ತು 112. ಬದುವಿನ ಡಬ್ಬಿಗೆ ಚೀಟಿ ಹಾಕಲು ಹೋದ ದಿನ ಹೊಲದ ಯಜಮಾನರು ಅದನ್ನು ಎರಡು ಸಲ ಓದಿ, ಇನ್ನೊಂದು ಪ್ರತಿ ಕೇಳಿದರು. ಅದು ಈಗ ಅವರ ಪಂಪ್‌ಸೆಟ್ ಮನೆಯ ಬಾಗಿಲ ಹಿಂದೆ, ಸ್ವಿಚ್ಚಿನ ಮೇಲೆಯೇ ಇದೆ.