ಸಂಘದ ದೇಣಿಗೆ ರಾತ್ರಿಪಾಳಿಗೂ ಸಲ್ಲಲಿ

ಮುಂಬಯಿಯ ಕನ್ನಡ ಸಂಘಗಳು, ಸಮಾಜದ ಟ್ರಸ್ಟುಗಳು ವಿದ್ಯಾರ್ಥಿವೇತನಕ್ಕೆ, ಆಸ್ಪತ್ರೆ ಖರ್ಚಿಗೆ ಕೈಯೆತ್ತಿ ಕೊಡುತ್ತವೆ. ಜೀವವೇ ಬೇಡವೆನಿಸಿದವರ ಆರೈಕೆಗೂ ಕೊಡಬೇಕೆಂದಿದ್ದರೆ ಮೊದಲು ಟ್ರಸ್ಟ್ ಡೀಡ್ ತೆಗೆದು, ಉದ್ದೇಶಗಳಲ್ಲಿ ವೈದ್ಯಕೀಯ ನೆರವು ಸೇರಿದೆಯೇ ನೋಡಿ. ಹಣ ಪಡೆಯುವ ಸಂಸ್ಥೆಯ ನೋಂದಣಿ, ಮೂರು ವರ್ಷಗಳ ಆಡಿಟ್ ವರದಿ ತರಿಸಿಕೊಳ್ಳಿ.

ಹೊಸ ಸಹಾಯವಾಣಿ ತೆರೆಯುವುದು ಬೇಡ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅಕ್ಟೋಬರ್ 2022ರಿಂದ ಉಚಿತವಾಗಿ, ಹಗಲಿರುಳು ನಡೆಯುತ್ತಿದೆ. ಅದರಲ್ಲಿ ಕನ್ನಡವೂ ಇದೆ. ಆ ನಂಬರನ್ನು ಹೋಟೆಲ್ ಕೆಲಸದವರು ಮಲಗುವ ಕೋಣೆಯ ಬಾಗಿಲಿಗೆ, ಒಳಮಗ್ಗುಲಲ್ಲಿ ಅಂಟಿಸಿ. ಮಾಲೀಕರ ಕಣ್ಣೆದುರು ನಂಬರ್ ಬರೆದುಕೊಳ್ಳಲು ಯಾರಿಗೂ ಧೈರ್ಯ ಬಾರದು.

ದೇಣಿಗೆ ಹೋಗಬೇಕಾದದ್ದು ಸಂಬಳಕ್ಕೆ. ಈಗಾಗಲೇ ಇರುವ ಸೇವೆಯಲ್ಲಿ ಕರೆ ತೆಗೆಯುವವರ ಒಂದು ಕುರ್ಚಿ ಹಗಲಿರುಳು ಖಾಲಿ ಬೀಳಬಾರದೆಂದರೆ ವಾರಕ್ಕೆ 168 ಗಂಟೆ. ತಲಾ 40 ಗಂಟೆಯಂತೆ ನಾಲ್ವರು ದುಡಿದರೂ ಎಂಟು ಗಂಟೆ ಉಳಿಯುತ್ತದೆ. ರಜೆ, ಜ್ವರ ಎಂದೆಲ್ಲ ಸೇರಿಸಿದರೆ ಐವರು ಬೇಕು. ಮೂವರ ಸಂಬಳ ಕೊಟ್ಟು 24 ಗಂಟೆ ಸೇವೆ ಕೇಳಿದರೆ ಮೊದಲು ನಿಲ್ಲುವುದು ರಾತ್ರಿಪಾಳಿ. ಈ ಐವರ ಕಷ್ಟ ಕೇಳಲು ವಾರಕ್ಕೊಮ್ಮೆ ಮನೋವೈದ್ಯರೊಬ್ಬರು ಕೂರಬೇಕು. ಅವರ ಶುಲ್ಕವನ್ನೂ ಬಜೆಟ್ಟಿಗೆ ಹಾಕಿ. ಒಪ್ಪಂದ ಮೂರು ವರ್ಷದ್ದಾಗಿರಲಿ, ತರಬೇತಿ ಮುಗಿದು ಕೈ ಪಳಗುವ ಹೊತ್ತಿಗೆ ಹಣ ನಿಲ್ಲಬಾರದು.

ಆರೈಕೆ ಕೈತಪ್ಪಿಹೋಗುವುದು ಹೆಚ್ಚಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಆತ್ಮಹತ್ಯೆಗೆ ಯತ್ನಿಸಿ ಉಳಿದವರ ಬೆನ್ನಿಗಿರಲು ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿದ ಕ್ರಮವೊಂದಿದೆ: ಒಂದು ಗಂಟೆ ಮಾತುಕತೆ, ಆಮೇಲೆ 1, 2, 4, 7, 11ನೇ ವಾರ ಮತ್ತು 4, 6, 12, 18ನೇ ತಿಂಗಳಲ್ಲಿ ಕರೆ ಅಥವಾ ಭೇಟಿ. ಚೆನ್ನೈಯೂ ಆ ಅಧ್ಯಯನದಲ್ಲಿತ್ತು. ಇಷ್ಟಕ್ಕೆ ಬೇಕಾದದ್ದು ಕನ್ನಡ, ತುಳು ಬಲ್ಲ ಒಬ್ಬ ಕಾರ್ಯಕರ್ತೆ, ಒಂದು ಫೋನು, ಒಂದು ರಿಜಿಸ್ಟರ್. ಹೋಟೆಲ್ ಹುಡುಗರು ಕೆಲಸ ಬಿಟ್ಟರೆ ಸಿಮ್ಮೂ ಬದಲಾಗುತ್ತದೆ. ಆದ್ದರಿಂದ ಅವರ ಒಪ್ಪಿಗೆ ಪಡೆದು ಊರಿನದೊಂದು, ಗೆಳೆಯನದೊಂದು ನಂಬರನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಲಿ.

ಪೊಲೀಸ್ ಕೇಸಿನ ಭಯಕ್ಕೆ ಮನೆಯವರು ವಿಷಯ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಇದನ್ನು ಸಂಘದ ಸಭೆಗಳಲ್ಲಿ ಬಾಯಿಬಿಟ್ಟು ಹೇಳಿ.

ವರದಿಯಲ್ಲಿ ಫಲಾನುಭವಿಗಳ ಹೆಸರು, ಫೋಟೊ ಕೇಳಲೇಬೇಡಿ. ಸಂಘದಲ್ಲಿ ಒಬ್ಬರಿಗೊಬ್ಬರು ಪರಿಚಿತರೇ. ಹೆಸರು ಕಮಿಟಿಗೆ ಹೋಗುತ್ತದೆಂದು ಗೊತ್ತಾದರೆ ಯಾರೂ ಬರಲಾರರು. ಎಷ್ಟು ಮಂದಿಗೆ ಏಳನೇ ವಾರದ ಕರೆ ತಲುಪಿತು, ಎಷ್ಟು ಮಂದಿ ಸಿಗಲಿಲ್ಲ, ಏಕೆ ಸಿಗಲಿಲ್ಲ ಎಂದು ಕೇಳಿ.