ಈರುಳ್ಳಿ ಬೇರಿನಲ್ಲಿ ವರ್ಣತಂತು ನೋಡುವುದು ಹೇಗೆ

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಬೋರ್ಡಿನ ಮೇಲೆ ಎಷ್ಟು ಬರೆದರೂ ವರ್ಣತಂತು (ಕ್ರೋಮೋಸೋಮ್, ಕೋಶದೊಳಗೆ ಆನುವಂಶಿಕ ಮಾಹಿತಿ ಹೊತ್ತಿರುವ ಎಳೆ) ಅಂದರೆ ಅವರಿಗೆ ಪರೀಕ್ಷೆಯಲ್ಲಿ ಬಿಡಿಸುವ ಚಿತ್ರ, ಅಷ್ಟೇ. ಒಂದು ಸಲ ಕಣ್ಣಾರೆ ತೋರಿಸಿ, ಪ್ರಶ್ನೆಗಳು ತಾವಾಗಿಯೇ ಶುರುವಾಗುತ್ತವೆ.

ಕೆಂಪು ಈರುಳ್ಳಿ ತಗೊಳ್ಳಿ. ಹಳೆಯ ಒಣಬೇರನ್ನು ಬ್ಲೇಡಿನಿಂದ ಹೆರೆದು, ಬುಡ ಮಾತ್ರ ನೀರಿಗೆ ತಾಗುವ ಹಾಗೆ ಲೋಟದ ಮೇಲೆ ಕೂರಿಸಿ. ಗಡ್ಡೆ ಮುಳುಗಿದರೆ ಕೊಳೆಯುತ್ತದೆ. ಮೂರರಿಂದ ಆರು ದಿನದಲ್ಲಿ ಬೇರು ಎರಡು-ಮೂರು ಸೆಂಟಿಮೀಟರ್ ಬರುತ್ತದೆ. ಬೆಳಿಗ್ಗೆ ಕತ್ತರಿಸಿ, ಆಗ ಒಡೆದು ಎರಡಾಗುತ್ತಿರುವ ಕೋಶಗಳು ಜಾಸ್ತಿ. ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿ, ಅದರಲ್ಲಿ 24 ಗಂಟೆ ಇಡಿ. ಕೋಶ ಯಾವ ಹಂತದಲ್ಲಿತ್ತೋ ಅಲ್ಲೇ ನಿಲ್ಲುತ್ತದೆ.

ಬೇರನ್ನು ಸ್ಲೈಡಿನ ಮೇಲಿಟ್ಟು ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ, ಎರಡು-ಮೂರು ಹನಿ ಅಸಿಟೋಕಾರ್ಮಿನ್ (ವರ್ಣತಂತುವಿಗೆ ಕೆಂಪು ಬಣ್ಣ ಹಿಡಿಸುವ ದ್ರಾವಣ) ಹಾಕಿ. ಸ್ಪಿರಿಟ್ ಲ್ಯಾಂಪಿನ ಮೇಲೆ ಹಾಗೇ ಆಡಿಸಿ ಬೆಚ್ಚಗೆ ಮಾಡಿ, ಕುದಿಸಬೇಡಿ. ಆಲ್ಕೋಹಾಲ್ ಬಾಟಲಿ ದೂರ ಇರಲಿ. ಐದು-ಹತ್ತು ನಿಮಿಷದ ನಂತರ ತುದಿಯ ಎರಡು-ಮೂರು ಮಿಲಿಮೀಟರ್ ಗಾಢ ಕೆಂಪಾಗಿರುತ್ತದೆ. ಅಷ್ಟನ್ನೇ ಉಳಿಸಿಕೊಂಡು ಮಿಕ್ಕಿದ್ದು ಬಿಸಾಡಿ.

ಇನ್ನು ನಿಜವಾದ ಕೈಚಳಕ. ಒಂದು ಹನಿ ನೀರು, ಮೇಲೆ ಕವರ್ ಸ್ಲಿಪ್. ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ. ಬ್ಲಾಟಿಂಗ್ ಪೇಪರ್ ಮಡಚಿ ಮೇಲಿಟ್ಟು, ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಜಾರಿತೋ, ಕೆಟ್ಟಿತು. ಹರಡಿಕೊಳ್ಳದ ವರ್ಣತಂತು ಒಂದರ ಮೇಲೊಂದು ಬಿದ್ದಿರುತ್ತದೆ, ಎಣಿಕೆ ತಪ್ಪುತ್ತದೆ. ಮನುಷ್ಯರಿಗೆ 48 ವರ್ಣತಂತು ಅಂತ ದಶಕಗಳ ಕಾಲ ಪಠ್ಯಪುಸ್ತಕದಲ್ಲೇ ಇತ್ತು. ಸ್ವೀಡನ್ನಿನ ಲುಂಡ್‌ನಲ್ಲಿ ವಿಜ್ಞಾನಿಗಳಾದ ಜೋ ಹಿನ್ ಚಿಯೊ ಮತ್ತು ಆಲ್ಬರ್ಟ್ ಲೆವಾನ್ ಕೋಶಗಳನ್ನು ಚೆನ್ನಾಗಿ ಹರಡಿಸಿ ಎಣಿಸಿದಾಗ 46 ಬಂತು. ಪ್ರಕಟವಾದದ್ದು 1956ರಲ್ಲಿ. ಈ ಲೆವಾನ್ 1938ರಲ್ಲೇ ಈರುಳ್ಳಿ ಬೇರಿನ ಮೇಲೆ ಕೆಲಸ ಮಾಡಿದ್ದವರು!

ಈಗ ಸೂಕ್ಷ್ಮದರ್ಶಕದಲ್ಲಿ ನೋಡಿ, ಮೊದಲು 10ಎಕ್ಸ್ ಮಸೂರ, ಆಮೇಲೆ 40ಎಕ್ಸ್. ಹೆಚ್ಚಿನ ಕೋಶಗಳಲ್ಲಿ ದುಂಡನೆಯ ಕೋಶಕೇಂದ್ರ ಮಾತ್ರ ಕಾಣುತ್ತದೆ. ಬೇಜಾರಾಗದೆ ಸ್ಲೈಡ್ ಸರಿಸುತ್ತಾ ಹೋಗಿ. ಚೆನ್ನಾಗಿ ಬಿಡಿಬಿಡಿಯಾದ ಕೋಶ ಸಿಕ್ಕರೆ 16 ಎಳೆ ಎಣಿಸಬಹುದು. ಎರಡು ಗುಂಪು ಆಚೀಚೆ ಸರಿಯುತ್ತಿದ್ದರೆ ಇನ್ನೂ ಒಳ್ಳೆಯದು: ಒಂದೊಂದು ಕಡೆಗೂ 16. ಒಡೆಯುವ ಮುಂಚೆಯೇ ಕೋಶ ತನ್ನ ಡಿಎನ್ಎಯನ್ನು (ವರ್ಣತಂತುವಿನಲ್ಲಿ ಮಾಹಿತಿ ಹೊತ್ತಿರುವ ಅಣು) ಪೂರ್ತಿ ನಕಲು ಮಾಡಿಕೊಂಡಿರುತ್ತದೆ, ಹಾಗಾಗಿ ಎರಡೂ ಮರಿಕೋಶಕ್ಕೆ ಪೂರ್ತಿ ಮಾಹಿತಿ ಸಿಗುತ್ತದೆ.

"ಮಿಸ್, ಇದರಲ್ಲಿ ಜೀನ್ ಎಲ್ಲಿ?" ಅಂತ ಕೇಳಿಯೇ ಕೇಳುತ್ತಾರೆ. ಕಾಣಲ್ಲ. ಒಂದೊಂದು ವರ್ಣತಂತುವೂ ಪ್ರೋಟೀನಿಗೆ ಸುತ್ತಿಕೊಂಡ ಉದ್ದನೆಯ ಡಿಎನ್ಎ. ಅದರ ಒಂದು ಸಣ್ಣ ಭಾಗ ಜೀನ್. ಈರುಳ್ಳಿಯ ಕೆಂಪನ್ನೇ ನೋಡಿ. ಡಿಎಫ್ಆರ್ ಅನ್ನುವ ಜೀನ್ ಒಂದು ಕಿಣ್ವ (ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್) ತಯಾರಿಸಲು ಸೂಚನೆ ಕೊಡುತ್ತದೆ, ಆ ಕಿಣ್ವವಿಲ್ಲದೆ ಕೆಂಪು ಬಣ್ಣ ತಯಾರಾಗಲ್ಲ. ಈ ಜೀನ್ ಕೆಟ್ಟಿರುವ ಹಳದಿ ಈರುಳ್ಳಿ ತಳಿಗಳಿವೆ. ಬೀಜಕ್ಕೆ ಪರಾಗದಿಂದ 8, ಅಂಡದಿಂದ 8 ವರ್ಣತಂತು ಬರುತ್ತವೆ. ಹಳದಿಯ ಜೊತೆ ಕೂಡಿಸಿದರೂ ಕೆಂಪಿನ ಕಡೆಯಿಂದ ಒಂದು ಒಳ್ಳೆಯ ಪ್ರತಿ ಬಂದರೆ ಸಾಕು, ಆ ಕಿಣ್ವ ಸಿಗುತ್ತದೆ. ನೀವು ಹಿಸುಕಿದ ಬಿಳಿ ಬೇರಿನ ಕೋಶದಲ್ಲೂ ಆ ಜೀನ್ ಇದ್ದೇ ಇದೆ, ಸುಮ್ನೆ ಕೂತಿದೆ ಅಷ್ಟೇ.

ಒಳ್ಳೆಯ ಸ್ಲೈಡ್ ಸಿಕ್ಕರೆ ಕವರ್ ಸ್ಲಿಪ್ಪಿನ ಸುತ್ತ ನೇಲ್ ಪಾಲಿಶ್ ಹಚ್ಚಿಡಿ, ಒಳಗಿನ ಕೋಶಗಳು ಬೇಗ ಒಣಗಲ್ಲ. ಪಕ್ಕದ ಸೆಕ್ಷನ್ನಿನ ಮಕ್ಕಳಿಗೂ ತೋರಿಸಬಹುದು.